ಹೊರಗಿದ್ದ ಪದ ಒಳಬಂದ ಬಗೆ: ಇಂಗ್ಲಿಷಿನ ‘ಬಟ್’ ಕುರಿತು

ಅವ್ಯಯಗಳನ್ನು ನಾವು ಓದುವುದಿಲ್ಲ, ದಾಟಿಬಿಡುತ್ತೇವೆ. ನಾಮಪದವೊಂದು ತಿಳಿಯದಿದ್ದಾಗ ನಿಘಂಟನ್ನು ತೆರೆಯುವ ವಿದ್ಯಾರ್ಥಿ, ‘ಬಟ್’ ಎಂಬ ಇಂಗ್ಲಿಷ್ ಪದಕ್ಕಾಗಿ ಅದನ್ನು ತೆರೆಯುವುದು ತೀರ ವಿರಳ. ‘ಬಟ್ ಎಂದರೆ ಆದರೆ’ ಎಂಬುದು ಪ್ರಾಥಮಿಕ ಶಾಲೆಯಲ್ಲಿಯೇ ಬಾಯಿಪಾಠವಾಗಿರುತ್ತದೆ. ಈ ಬಾಯಿಪಾಠದಿಂದ ಹಳೆಯ ಇಂಗ್ಲಿಷ್ ಪಠ್ಯಗಳ ಓದಿಗೂ, ಕನ್ನಡದ ಅನುವಾದಗಳಿಗೂ, ಜೈನ ನ್ಯಾಯದ ವಿವರಣೆಗೂ ಆಗಿರುವ ಹಾನಿ ಸಣ್ಣದಲ್ಲವೆಂದು ನನ್ನ ಅಭಿಪ್ರಾಯ. ಅದನ್ನು ಸ್ಥಾಪಿಸಲು ಈ ಪದದ ಚರಿತ್ರೆಯನ್ನು ತುಸು ಹಿಂದಕ್ಕೆ ಹೋಗಿ ನೋಡಬೇಕಾಗುತ್ತದೆ.

1066ರ ನಾರ್ಮನ್ ವಿಜಯಕ್ಕೆ ಮುಂಚಿನ ಪ್ರಾಚೀನ ಇಂಗ್ಲಿಷಿನಲ್ಲಿ ‘ಆದರೆ’ ಎಂಬ ಕೆಲಸಕ್ಕೆ ಬೇರೊಂದು ಪದವಿತ್ತು, ಅದು ‘ಅಕ್’. ‘ಬೇವುಲ್ಫ್’ ಕಾವ್ಯದಲ್ಲಿ ಅದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಅದರ ಜ್ಞಾತಿಪದವೊಂದು ನಾಲ್ಕನೆಯ ಶತಮಾನದ ಗಾಥಿಕ್ ಬೈಬಲ್ ಅನುವಾದದಲ್ಲಿಯೂ ಇದೆ. ಆ ಕಾಲದಲ್ಲಿ ಇಂದಿನ ‘ಬಟ್’ ಇರಲಿಲ್ಲವೆಂದಲ್ಲ. ಇತ್ತು, ಆದರೆ ವಾಕ್ಯಗಳನ್ನು ಜೋಡಿಸುವ ಮನೆಯೊಳಗೆ ಅದಕ್ಕೆ ಮುಖ್ಯ ಸ್ಥಾನವಿರಲಿಲ್ಲ. ಆಗ ಅದರ ರೂಪ ‘ಬೂಟನ್’. ‘ಬಿ’ ಎಂಬ ಉಪಸರ್ಗಕ್ಕೆ ‘ಊಟನ್’ ಎಂಬ ಪದ ಸೇರಿ ಆದದ್ದು. (ನಮ್ಮ ಊಟಕ್ಕೂ ಇದಕ್ಕೂ ಯಾವ ನಂಟೂ ಇಲ್ಲ, ಇದು ಇಂದಿನ ‘ಔಟ್’ ಎಂಬ ಪದದ ಬಳಗ.) ಒಟ್ಟು ಅರ್ಥ ‘ಹೊರಗಡೆ’ ಎಂದು. ಡಚ್ ಭಾಷೆಯಲ್ಲಿ ಇದರ ಸೋದರಪದವಾದ ‘ಬೌಟೆನ್’ ಇಂದಿಗೂ ‘ಹೊರಗೆ’ ಎಂಬ ಅರ್ಥವನ್ನೇ ಉಳಿಸಿಕೊಂಡಿದೆ. ಇಂಗ್ಲಿಷಿನ ‘ಅಬೌಟ್’ ಕೂಡ ಇದೇ ‘ಬೂಟನ್’ಗೆ ಇನ್ನೊಂದು ಉಪಸರ್ಗ ಹತ್ತಿ ಬಂದದ್ದು. ಸ್ಕಾಟ್‌ಲೆಂಡಿನಲ್ಲಿ ಎರಡೇ ಕೋಣೆಗಳ ಬಡಮನೆಯನ್ನು ‘ಬಟ್ ಅಂಡ್ ಬೆನ್’ ಎನ್ನುತ್ತಾರೆ. ‘ಬಟ್’ ಹೊರಕೋಣೆ, ‘ಬೆನ್’ ಒಳಕೋಣೆ. ಸಂಯೋಜಕಾವ್ಯಯವೆಂದು ನಾವು ತಿಳಿದಿರುವ ಪದ ಅಲ್ಲಿ ಒಂದು ಕೋಣೆಯ ಹೆಸರಾಗಿ ಉಳಿದುಕೊಂಡಿದೆ.

‘ಹೊರಗೆ’ ಎಂಬುದು ‘ಆದರೆ’ ಆದದ್ದು ಹೇಗೆ? ಇಂಗ್ಲಿಷರಿಗಿಂತ ಕನ್ನಡಿಗರಿಗೆ ಇದು ಸುಲಭವಾಗಿ ಅರ್ಥವಾಗಬೇಕು. ನಮ್ಮ ‘ಹೊರತು’ ಎಂಬ ಪದವೂ ‘ಹೊರ’ ಎಂಬ ಮೂಲದಿಂದಲೇ ಬಂದುದಷ್ಟೆ. ‘ಅವನ ಹೊರತು ಯಾರೂ ಬರಲಿಲ್ಲ’ ಎನ್ನುವಾಗ ಒಬ್ಬನನ್ನು ಎಣಿಕೆಯ ಗೆರೆಯಿಂದಾಚೆ ನಿಲ್ಲಿಸುತ್ತೇವೆ. ‘ಹಣ ಕೊಟ್ಟ ಹೊರತು ಬಿಡುವುದಿಲ್ಲ’ ಎನ್ನುವಾಗ ವ್ಯಕ್ತಿಯ ಬದಲು ಒಂದು ಸಂದರ್ಭವನ್ನೇ ಗೆರೆಯಾಚೆ ನಿಲ್ಲಿಸುತ್ತೇವೆ. ‘ಅವನು ವಿದ್ವಾಂಸನೇ ಹೊರತು ಕವಿಯಲ್ಲ’ ಎನ್ನುವಾಗ ಎರಡು ಮಾತುಗಳನ್ನು ಎದುರುಬದುರು ಇಡುತ್ತೇವೆ. ಸ್ಥಳದಿಂದ ವರ್ಜನೆಗೆ, ವರ್ಜನೆಯಿಂದ ನಿಬಂಧನೆಗೆ, ಅಲ್ಲಿಂದ ವಿರೋಧಕ್ಕೆ: ‘ಬೂಟನ್’ ನಡೆದ ದಾರಿಯೂ ಇದೇ. ಪ್ರಾಚೀನ ಇಂಗ್ಲಿಷಿನಲ್ಲಿಯೇ ಅದಕ್ಕೆ ‘ಹೊರಗೆ’, ‘ಇಲ್ಲದೆ’, ‘ಹೊರತು’, ‘ಅಲ್ಲದಿದ್ದರೆ’ ಎಂಬ ಅರ್ಥಗಳು ಬಂದಿದ್ದವು. ವ್ಯತ್ಯಾಸವೆಂದರೆ, ನಮ್ಮ ‘ಹೊರತು’ ತನ್ನ ಸುತ್ತ ಒಂದು ‘ಇಲ್ಲ’ವನ್ನೋ ‘ಅಲ್ಲ’ವನ್ನೋ ಬಯಸುತ್ತಲೇ ಉಳಿಯಿತು. ‘ಬಟ್’ ಆ ನಿಷೇಧದ ಊರುಗೋಲನ್ನು ಬಿಸುಟು ತಾನೇ ನಡೆಯತೊಡಗಿತು.

ಮಧ್ಯಕಾಲೀನ ಇಂಗ್ಲಿಷಿನಲ್ಲಿ ಈ ಎರಡು ಪದಗಳ ಸ್ಪರ್ಧೆ ನಿಚ್ಚಳವಾಗಿ ಕಾಣುತ್ತದೆ. ಹದಿನಾಲ್ಕನೆಯ ಶತಮಾನದ ಉತ್ತರಾರ್ಧದಲ್ಲಿ ಲ್ಯಾಂಗ್ಲೆಂಡ್ ತನ್ನ ‘ಪಿಯರ್ಸ್ ಪ್ಲೌಮನ್’ ಕಾವ್ಯದಲ್ಲಿ ‘ಅಕ್’ ಎಂಬುದನ್ನು ಧಾರಾಳವಾಗಿ ಬಳಸುತ್ತಾನೆ. ಅವನ ಸಮಕಾಲೀನನಾದ ಚಾಸರ್‌ನಲ್ಲಿ ‘ಬಟ್’ ಎಂಬುದೇ ಯಜಮಾನ. ಬಳಿಕ ‘ಅಕ್’ ಭಾಷೆಯಿಂದಲೇ ಮರೆಯಾಯಿತು. ಒಳಗಿದ್ದದ್ದು ಹೊರಬಿತ್ತು, ‘ಹೊರಗೆ’ ಎಂಬ ಪದ ಒಳಬಂದಿತು.

ಒಳಬಂದ ಮೇಲೂ ಅದು ತನ್ನ ಹಳೆಯ ಅರ್ಥಗಳನ್ನು ಬಿಟ್ಟುಕೊಡಲಿಲ್ಲ. ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ. ‘ಇಟ್ ನೆವರ್ ರೈನ್ಸ್ ಬಟ್ ಇಟ್ ಪೋರ್ಸ್’ ಎಂಬ ಗಾದೆಯನ್ನು ತೆಗೆದುಕೊಳ್ಳಿ. ‘ಮಳೆ ಎಂದೂ ಬರುವುದಿಲ್ಲ, ಆದರೆ ಧಾರಾಕಾರವಾಗಿ ಸುರಿಯುತ್ತದೆ’ ಎಂದರೆ ಅದು ಗಾದೆಯಲ್ಲ, ಪ್ರಲಾಪ. ಇಲ್ಲಿನ ‘ಬಟ್’ ಪ್ರಾಚೀನ ‘ಬೂಟನ್’. ‘ಧಾರಾಕಾರವಾಗಿ ಸುರಿಯದೆ ಮಳೆ ಬರುವುದೇ ಇಲ್ಲ’ ಎಂಬುದು ತಾತ್ಪರ್ಯ. ಇನ್ನೊಂದು ಬಳಕೆ ಇದಕ್ಕಿಂತ ವಿಚಿತ್ರ. ‘ಅವನು ಬಾಲಕನ ಹೊರತು ಬೇರೇನೂ ಅಲ್ಲ’ ಎಂಬರ್ಥದ ವಾಕ್ಯದಲ್ಲಿದ್ದ ನಿಷೇಧಪದ ಕಾಲಕ್ರಮದಲ್ಲಿ ಲೋಪವಾಗಿ ‘ಹಿ ಈಸ್ ಬಟ್ ಎ ಬಾಯ್’ ಎಂಬುದು ಉಳಿಯಿತು. ಲೋಪವಾದ ನಿಷೇಧದ ಭಾರವೆಲ್ಲ ‘ಬಟ್’ ಮೇಲೆ ಬಿದ್ದು, ಅದಕ್ಕೆ ‘ಕೇವಲ’ ಎಂಬ ಅರ್ಥ ಬಂದಿತು. ಡಚ್ಚರ ‘ಮಾರ್’ ಎಂಬ ಪದಕ್ಕೂ ‘ಆದರೆ’, ‘ಕೇವಲ’ ಎಂಬ ಎರಡು ಅರ್ಥಗಳಿವೆ. ಅದು ‘ಅಲ್ಲದಿದ್ದರೆ’ ಎಂಬ ಅರ್ಥದ ಹಳೆಯ ನಿಷೇಧವಾಕ್ಯವೊಂದು ಸವೆದು ಉಳಿದ ತುಣುಕು. ಜರ್ಮನ್ ಭಾಷೆಯ ‘ನೂರ್’ ಕೂಡ ಅಂಥದೇ. ಷೇಕ್ಸ್‌ಪಿಯರನ ನಾಟಕಗಳನ್ನಾಗಲಿ 1611ರ ಬೈಬಲ್ ಅನುವಾದವನ್ನಾಗಲಿ ಓದುವವರು ಪ್ರತಿಯೊಂದು ‘ಬಟ್’ ಎದುರೂ ನಿಂತು, ಇದು ಹೊರತೋ, ಅಲ್ಲದಿದ್ದರೋ, ಕೇವಲವೋ, ಆದರೆಯೋ ಎಂದು ಕೇಳಿಕೊಳ್ಳಲೇಬೇಕು. ಅಷ್ಟು ವ್ಯವಧಾನವಿಲ್ಲದವರು ಆ ಕಾಲದ ಗದ್ಯಪದ್ಯಗಳ ಬಗ್ಗೆ ಸಂಶೋಧನೆಗೆ ಕೈಹಾಕದಿರುವುದು ಲೇಸು.

ವಾಕ್ಯವನ್ನು ‘ಬಟ್’ ಎಂದು ಆರಂಭಿಸಬಾರದೆಂದು ಶಾಲೆಗಳಲ್ಲಿ ಕಲಿಸುತ್ತಾರಲ್ಲ, ಅದಕ್ಕೆ ಭಾಷೆಯ ಚರಿತ್ರೆಯಲ್ಲಿ ಆಧಾರವಿಲ್ಲ. ‘ಅಕ್’ ವಾಕ್ಯಾರಂಭದಲ್ಲಿ ಬರುತ್ತಿತ್ತು, 1611ರ ಬೈಬಲಿನ ಅಸಂಖ್ಯ ವಾಕ್ಯಗಳು ‘ಬಟ್’ ಎಂದೇ ಆರಂಭವಾಗುತ್ತವೆ. ಆಸ್ಟ್ರೇಲಿಯದ ಆಡುಮಾತಿನಲ್ಲಂತೂ ಅದು ವಾಕ್ಯದ ಕೊನೆಗೂ ಬಂದು ಕೂತಿದೆ.

ಈ ಪದದ ಮೇಲೆ ತತ್ತ್ವಜ್ಞರ ಕಣ್ಣು ಬಿದ್ದದ್ದು ಜಾನ್ ಲಾಕ್‌ನಿಂದ. 1690ರ ಸುಮಾರಿಗೆ ಪ್ರಕಟವಾದ, ಮಾನವ ಬುದ್ಧಿಯನ್ನು ಕುರಿತ ತನ್ನ ಗ್ರಂಥದ ಮೂರನೆಯ ಭಾಗದಲ್ಲಿ ಅವನು ಅವ್ಯಯಗಳಿಗೆಂದೇ ಒಂದು ಪುಟ್ಟ ಅಧ್ಯಾಯವನ್ನಿಟ್ಟು, ಉದಾಹರಣೆಗೆ ‘ಬಟ್’ ಎಂಬುದನ್ನೇ ಆರಿಸಿಕೊಂಡ. ಲ್ಯಾಟಿನ್ನಿನ ಅಥವಾ ಫ್ರೆಂಚಿನ ಒಂದು ಪರ್ಯಾಯವನ್ನು ಕೊಟ್ಟುಬಿಟ್ಟರೆ ಅದನ್ನು ವಿವರಿಸಿದಂತಾಗದು, ಮನಸ್ಸಿನ ಬೇರೆಬೇರೆ ಚಲನೆಗಳನ್ನು ಅದು ಸೂಚಿಸುತ್ತದೆ ಎಂಬುದು ಅವನ ನಿಲುವು. ಹಾರ್ನ್ ಟೂಕ್ ಇದಕ್ಕೆ ಎದುರಾದ. ಅಮೆರಿಕದ ವಸಾಹತಿಗರ ಪರ ಪ್ರಕಟಣೆ ಹೊರಡಿಸಿದ್ದಕ್ಕಾಗಿ 1777ರಲ್ಲಿ ಶಿಕ್ಷೆಗೊಳಗಾದ ಈ ಮನುಷ್ಯ, ಮರುವರ್ಷವೇ ವಕೀಲ ಡನಿಂಗ್‌ಗೆ ಬರೆದು ಪ್ರಕಟಿಸಿದ ಪತ್ರದಲ್ಲಿ ಸಂಯೋಜಕಾವ್ಯಯಗಳ ಚರ್ಚೆಗೆ ತೊಡಗಿದ. ನ್ಯಾಯಾಲಯದಲ್ಲಿ ಅವ್ಯಯವೂ ಮನುಷ್ಯನ ಸ್ವಾತಂತ್ರ್ಯವನ್ನು ತೂಗಬಲ್ಲದೆಂದು ಅವನು ಅನುಭವದಿಂದ ಬಲ್ಲವನಾಗಿದ್ದ. 1786ರ ‘ಡೈವರ್ಷನ್ಸ್ ಆಫ್ ಪರ್ಲಿ’ಯಲ್ಲಿ ಎಲ್ಲ ಅವ್ಯಯಗಳೂ ವೇಷ ಮರೆಸಿಕೊಂಡ ನಾಮ ಅಥವಾ ಕ್ರಿಯಾಪದಗಳೆಂದು ಸಾಧಿಸಹೊರಟು, ‘ಬಟ್’ ಎಂಬುದು ವಾಸ್ತವವಾಗಿ ಎರಡು ಬೇರೆ ಧಾತುಗಳಿಂದ ಬಂದ ಎರಡು ಪದಗಳೆಂದ. ವ್ಯುತ್ಪತ್ತಿ ತಪ್ಪಾಯಿತು, ಅವನು ಎರಡು ಪದಗಳೆಂದುಕೊಂಡದ್ದು ಒಂದೇ ಪದದ ಎರಡು ಬರವಣಿಗೆಗಳು. ಆದರೂ ಒಂದೇ ಪದದೊಳಗೆ ಹಲವು ಕೆಲಸಗಳು ಅಡಗಿವೆಯೆಂಬ ಅವನ ಶಂಕೆ ನಿರಾಧಾರವಾಗಿರಲಿಲ್ಲ.

ಜರ್ಮನ್ ಭಾಷೆ ಈ ಕೆಲಸಗಳನ್ನು ಹಂಚಿಕೊಟ್ಟಿದೆ. ಮೊದಲ ಮಾತನ್ನು ಒಪ್ಪಿಯೂ ಬೇರೆ ದಿಕ್ಕಿಗೆ ತಿರುಗುವಾಗ ‘ಆಬರ್’. ಮೊದಲ ಮಾತನ್ನು ಅಲ್ಲಗಳೆದು ಅದರ ಜಾಗದಲ್ಲಿ ಇನ್ನೊಂದನ್ನು ಇಡುವಾಗ ‘ಜೋಂಡರ್ನ್’. ಸ್ಪ್ಯಾನಿಷಿನಲ್ಲಿಯೂ ‘ಪೆರೊ’, ‘ಸಿನೊ’ ಎಂಬ ಇಂಥದೇ ವಿಂಗಡಣೆಯಿದೆ. ಇಂಗ್ಲಿಷ್ ಎರಡಕ್ಕೂ ‘ಬಟ್’ ಎನ್ನುತ್ತದೆ. ಕನ್ನಡವೂ ಇವೆರಡನ್ನು ಬೇರೆಯಾಗಿಯೇ ಇಡುವ ಭಾಷೆ. ‘ಆದರೆ’ ಎಂಬುದು ‘ಆಗು’ ಧಾತುವಿನ ಸಂಭಾವನಾರೂಪ; ಹಿಂದಿನ ಮಾತು ಹಾಗಿದ್ದೀತು ಎಂದು ಒಪ್ಪಿದ ಮೇಲೆ ಬರಬೇಕಾದ ಪದ. ಅಲ್ಲಗಳೆಯುವಲ್ಲಿ ನಮಗೆ ಅವ್ಯಯವೇ ಬೇಡ. ‘ಕವಿಯಲ್ಲ, ವಿದ್ವಾಂಸ’ ಎಂದರೆ ಸಾಕು. ಹೀಗಿರಲು ‘ಅವನು ಕವಿಯಲ್ಲ, ಆದರೆ ವಿದ್ವಾಂಸ’ ಎಂಬಂಥ ವಾಕ್ಯಗಳು ಇಂದಿನ ಅನುವಾದಗಳಲ್ಲಿ, ಅಷ್ಟೇಕೆ, ಕನ್ನಡದಲ್ಲಿಯೇ ಬರೆದ ಸಂಶೋಧನ ಪ್ರಬಂಧಗಳಲ್ಲಿ ತುಂಬಿಕೊಂಡಿವೆ. ಓದುಗನಿಗೆ ಅದು ‘ಕವಿಯಲ್ಲದಿದ್ದರೂ ವಿದ್ವಾಂಸನಂತೂ ಹೌದು’ ಎಂಬ ಸಮಾಧಾನದ ಮಾತಾಗಿ ಕೇಳಿಸುತ್ತದೆ. ಮೂಲದ ಲೇಖಕ ಹೇಳಿದ್ದು ಅದಲ್ಲ. ಇದನ್ನು ಶೈಲಿಯ ದೋಷವೆಂದು ಕ್ಷಮಿಸಲು ನಾನು ಸಿದ್ಧನಿಲ್ಲ. ಅರ್ಥವೇ ಇಲ್ಲಿ ಬದಲಾಗುತ್ತಿದೆ.

ತರ್ಕಶಾಸ್ತ್ರಕ್ಕೆ ಬಂದಾಗ ಈ ಪ್ರಶ್ನೆ ಇನ್ನೂ ಸೂಕ್ಷ್ಮವಾಗುತ್ತದೆ. ಫ್ರೇಗೆ 1879ರ ತನ್ನ ‘ಬೆಗ್ರಿಫ್ಸ್‌ಶ್ರಿಫ್ಟ್’ ಕೃತಿಯಲ್ಲಿ, ‘ಮತ್ತು’ ಹಾಗೂ ‘ಆದರೆ’ಗಳ ನಡುವಿನ ಭೇದವನ್ನು ತನ್ನ ಸಂಕೇತಭಾಷೆ ವ್ಯಕ್ತಪಡಿಸುವುದಿಲ್ಲವೆಂದು ಸ್ಪಷ್ಟಪಡಿಸಿದ. ಎರಡು ವಾಕ್ಯಗಳೂ ನಿಜವಾದರೆ ಯಾವುದರಿಂದ ಜೋಡಿಸಿದರೂ ಒಟ್ಟು ನಿಜವೇ. ‘ಆದರೆ’ ಸೇರಿಸುವುದು ಮುಂದಿನದು ನಿರೀಕ್ಷೆಗೆ ವಿರುದ್ಧವೆಂಬ ಸುಳಿವನ್ನು ಮಾತ್ರ. ಸಪ್ತಭಂಗಿಯ ಮೂರನೆಯ ಭಂಗವಾದ ‘ಸ್ಯಾದಸ್ತಿನಾಸ್ತಿ’ಯನ್ನು ಇಂಗ್ಲಿಷಿನಲ್ಲಿ ವಿವರಿಸುವವರು ‘ಇದೆ, ಬಟ್ ಇಲ್ಲ’ ಎಂಬ ಧಾಟಿ ಹಿಡಿದರೆ ಆಗುವ ಅನರ್ಥ ಈ ಸುಳಿವಿನಿಂದಲೇ ಹುಟ್ಟುತ್ತದೆ. ಮೂರನೆಯ ಭಂಗದಲ್ಲಿ ಅಸ್ತಿತ್ವ, ನಾಸ್ತಿತ್ವಗಳೆರಡೂ ಕ್ರಮವಾಗಿ ವಿವಕ್ಷಿತ. ಸ್ವದ್ರವ್ಯ, ಸ್ವಕ್ಷೇತ್ರಾದಿಗಳ ಅಪೇಕ್ಷೆಯಿಂದ ಘಟವಿದೆ, ಪರದ್ರವ್ಯಾದಿಗಳ ಅಪೇಕ್ಷೆಯಿಂದ ಇಲ್ಲ. ಎರಡನೆಯದು ಮೊದಲನೆಯದಕ್ಕೆ ಅಪವಾದವಲ್ಲ, ಅನಿರೀಕ್ಷಿತವೂ ಅಲ್ಲ. ಅವುಗಳನ್ನು ಬೆಸೆಯುವ ಭಾವ ಸಂಸ್ಕೃತದ ‘ಚ’ಕಾರದ್ದು, ‘ತು’ಕಾರದ್ದಲ್ಲ. ‘ಬಟ್’ ಬಂದೊಡನೆ ಸ್ಯಾದ್ವಾದಿ ಮಾತು ಕೊಟ್ಟು ಹಿಂತೆಗೆದುಕೊಳ್ಳುವವನಂತೆ ಕಾಣುತ್ತಾನೆ. ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ಪ್ರತಿಪಾದಿಸಿದ ಸ್ಯಾದ್ವಾದವನ್ನು ಸಂಶಯವಾದವೆಂದು ತಳ್ಳಿಹಾಕುವವರಿಗೆ ಇಂಥ ಅನುವಾದವೇ ಆಯುಧವಾಗುತ್ತದೆ.

‘ಸ್ಯಾತ್’ ಎಂಬ ಪದಕ್ಕೆ ಒದಗಿದ ಗತಿಯೂ ಇದೇ. ನೋಟಕ್ಕೆ ಅದು ‘ಅಸ್’ ಧಾತುವಿನ ವಿಧಿಲಿಙ್ ರೂಪ. ಆದ್ದರಿಂದ ‘ಬಹುಶಃ’ ಎಂದು ಅನುವಾದಿಸಿದವರು ಅನೇಕರು. ಜೈನ ನೈಯಾಯಿಕರು ಅದನ್ನು ತಿಙಂತದಂತೆ ತೋರುವ ನಿಪಾತವೆಂದು ಪರಿಗಣಿಸಿ, ‘ಕಥಂಚಿತ್’, ಎಂದರೆ ‘ಒಂದು ನಿರ್ದಿಷ್ಟ ಅಪೇಕ್ಷೆಯಿಂದ’ ಎಂದು ಅರ್ಥ ಹೇಳುತ್ತಾರೆ. ‘ಬಹುಶಃ’ ಎಂಬಲ್ಲಿ ಅನಿಶ್ಚಯವಿದೆ. ‘ಕಥಂಚಿತ್’ ಎಂಬಲ್ಲಿ ಇರುವುದು ಎಲ್ಲೆ ಗುರುತಿಸಿದ ನಿಶ್ಚಯ.