ನಗರದ ಬೆಂಕಿ, ರಾಜ್ಯದ ಏಣಿ

2025ರ ಆಗಸ್ಟ್ 16ರ ಬೆಳಗಿನ ಜಾವ ಬೆಂಗಳೂರಿನ ನಗರ್ತಪೇಟೆಯ ಕಟ್ಟಡವೊಂದಕ್ಕೆ ಬೆಂಕಿ ಬಿದ್ದು ಐವರು ಸತ್ತರು. ಅವರಲ್ಲಿ ಇಬ್ಬರು ಎಳೆಯ ಮಕ್ಕಳು. ಕೆಳಗೆ ಪ್ಲಾಸ್ಟಿಕ್ ಸರಕು, ಮೇಲೆ ಸಂಸಾರ. ಪೇಟೆಯ ಓಣಿಗಳಲ್ಲಿ ಓಡಾಡಿದವರಿಗೆ ಇದು ಹೊಸ ನೋಟವಲ್ಲ. ಎದುರುಬದುರು ಎರಡು ಗೂಡ್ಸ್ ಆಟೊ ಬಂದರೆ ಒಂದು ಹಿಂದೆ ಸರಿಯಬೇಕು. ತಲೆಯ ಮೇಲೆ ತಂತಿಗಳ ಚಪ್ಪರ. ಇಂಥ ಕಡೆ ಅಗ್ನಿಶಾಮಕ ವಾಹನ ಓಣಿಯ ಬಾಯಲ್ಲೇ ನಿಲ್ಲುತ್ತದೆ. ಸಿಬ್ಬಂದಿ ಹೋಸಿನ ಸುರುಳಿ ಬಿಚ್ಚಿ, ಒಂದರ ತುದಿಗೆ ಇನ್ನೊಂದನ್ನು ಸಿಕ್ಕಿಸುತ್ತ, ನಿಲ್ಲಿಸಿದ ಸ್ಕೂಟರುಗಳನ್ನು ಪಕ್ಕಕ್ಕೆ ತಳ್ಳುತ್ತ ಓಡಬೇಕು. ಹೊಗೆ ಅಷ್ಟು ಹೊತ್ತು ಕಾಯುವುದಿಲ್ಲ.

ಅದಾದ ಹದಿನೇಳು ದಿನಕ್ಕೆ, ಸೆಪ್ಟೆಂಬರ್ 2ರಂದು, ಬೆಂಗಳೂರಿಗೆ ಐದು ನಗರಪಾಲಿಕೆಗಳು ಬಂದವು. ಗಡಿ, ಹೆಸರು, ತೆರಿಗೆ, ಕಸ ಎಲ್ಲದರ ಚರ್ಚೆಯಾಯಿತು. ಈ ಊರಿನ ಬೆಂಕಿ ಆರಿಸುವ ಹೊಣೆ ಯಾರದಾಗಬೇಕು ಎಂಬ ಮಾತು ಮಾತ್ರ ನಮ್ಮ ಕಿವಿಗೆ ಬೀಳಲಿಲ್ಲ. ಹಿಂತಿರುಗಿ ನೋಡಿದರೆ, ಮೂರು ದಶಕಗಳಿಂದ ನಾವು ಮುಟ್ಟದೆ ಬಿಟ್ಟ ಪ್ರಶ್ನೆಯಿದು. 1992ರ ಸಂವಿಧಾನದ 74ನೇ ತಿದ್ದುಪಡಿ ನಗರಾಡಳಿತಕ್ಕೆ ವಹಿಸಬಹುದಾದ 18 ಕೆಲಸಗಳನ್ನು ಹನ್ನೆರಡನೇ ಅನುಸೂಚಿಯಲ್ಲಿ ಪಟ್ಟಿ ಮಾಡಿತು. ಅಗ್ನಿಶಾಮಕ ಸೇವೆ ಅದರಲ್ಲಿ ಏಳನೆಯದು. ಕರ್ನಾಟಕ ಅದನ್ನು ತನ್ನ ಕೈಯಲ್ಲೇ ಇಟ್ಟುಕೊಂಡಿತು.

ಇಟ್ಟುಕೊಂಡದ್ದಕ್ಕೆ ಕಾರಣವಿಲ್ಲದಿಲ್ಲ. 1964ರ ಅಗ್ನಿಶಾಮಕ ದಳ ಕಾಯ್ದೆಯ ಕಾಲಕ್ಕೆ ಸಣ್ಣ ಪುರಸಭೆಗಳಿಗೆ ವಾಹನ ಕೊಳ್ಳುವ, ಜನಕ್ಕೆ ತರಬೇತಿ ಕೊಡುವ ಶಕ್ತಿ ಎಲ್ಲಿತ್ತು? ಬಹುತೇಕ ತಾಲ್ಲೂಕು ಕೇಂದ್ರಗಳು ಇವತ್ತು ಠಾಣೆ ಕಂಡಿದ್ದರೆ ಅದು ರಾಜ್ಯ ಇಲಾಖೆಯ ಸಾಧನೆ. ಅದನ್ನು ಕಳೆದುಕೊಳ್ಳಿ ಎಂದು ನಾವು ಹೇಳುವುದಿಲ್ಲ.

ಆದರೆ ಮಹಾನಗರದ ಲೆಕ್ಕ ಬೇರೆ. ಲಂಡನ್ ಇದನ್ನು ಪೆಟ್ಟು ತಿಂದು ಕಲಿಯಿತು. ಅಲ್ಲಿ ಮೊದಲಿಗೆ ಬೆಂಕಿ ಆರಿಸುತ್ತಿದ್ದವರು ವಿಮಾ ಕಂಪನಿಗಳ ಆಳುಗಳು. ವಿಮೆ ಮಾಡಿಸಿದ ಮನೆಯ ಗೋಡೆಗೆ ಕಂಪನಿಯ ಗುರುತಿನ ಸೀಸದ ಫಲಕ ಬಡಿದಿರುತ್ತಿತ್ತು. 1833ರಲ್ಲಿ ಕಂಪನಿಗಳು ಒಟ್ಟಾಗಿ ಒಂದೇ ದಳ ಕಟ್ಟಿ, ಎಡಿನ್‌ಬರೊದಲ್ಲಿ ನಗರದ ದಳವನ್ನು ಕಟ್ಟಿ ಹೆಸರಾಗಿದ್ದ ಜೇಮ್ಸ್ ಬ್ರೇಡ್‌ವುಡ್‌ಗೆ ಒಪ್ಪಿಸಿದವು. 1861ರಲ್ಲಿ ಥೇಮ್ಸ್ ದಂಡೆಯ ಟೂಲಿ ಸ್ಟ್ರೀಟಿನ ಗೋದಾಮುಗಳು ಹೊತ್ತಿಕೊಂಡಾಗ ಗೋಡೆ ಕುಸಿದು ಬ್ರೇಡ್‌ವುಡ್ ತೀರಿಕೊಂಡರು. ನಷ್ಟದ ಮೊತ್ತ ಕಂಡ ಕಂಪನಿಗಳು, ಇಡೀ ನಗರವನ್ನು ಕಾಯುವುದು ತಮ್ಮಿಂದಾಗದು ಎಂದು ಕೈಚೆಲ್ಲಿದವು. 1866ರಲ್ಲಿ ಸಾರ್ವಜನಿಕ ಹಣದ ದಳ ಹುಟ್ಟಿತು.

ನಮ್ಮಲ್ಲೇ ಮುಂಬೈ ಇದೆ. ಅಲ್ಲಿನ ದಳ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲೇ ಪೊಲೀಸರ ಕೈಯಿಂದ ಪಾಲಿಕೆಗೆ ಬಂತು. 1944ರ ಏಪ್ರಿಲ್ 14ರಂದು ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಹಡಗು ಸಿಡಿದಾಗ ಆ ದಳದ 66 ಮಂದಿ ಪ್ರಾಣ ಕೊಟ್ಟರು. ನಾವು ಪ್ರತಿವರ್ಷ ಆಚರಿಸುವ ಅಗ್ನಿಶಾಮಕ ಸಪ್ತಾಹ ಅವರ ನೆನಪಿನದು. ಪಾಲಿಕೆಗೆ ಕೊಟ್ಟ ಮಾತ್ರಕ್ಕೆ ಎಲ್ಲ ಸರಿಯಾಗುವುದಿಲ್ಲ ಎಂಬುದಕ್ಕೂ ಮುಂಬೈಯೇ ಸಾಕ್ಷಿ. 2017ರ ಡಿಸೆಂಬರಿನಲ್ಲಿ ಕಮಲಾ ಮಿಲ್ಸ್ ಆವರಣದ ರೆಸ್ಟೊರೆಂಟುಗಳ ಬೆಂಕಿಗೆ 14 ಮಂದಿ ಬಲಿಯಾದರು. ಆದರೂ ಅಲ್ಲೊಂದು ವ್ಯತ್ಯಾಸವಿತ್ತು: ಪರವಾನಗಿ ಕೊಟ್ಟವರೂ ಬೆಂಕಿ ಆರಿಸಿದವರೂ ಒಂದೇ ಸಂಸ್ಥೆಯವರಾದ್ದರಿಂದ ಪ್ರಶ್ನೆ ನೇರ ಪಾಲಿಕೆಯ ಬಾಗಿಲಿಗೇ ಹೋಯಿತು.

ಬೆಂಗಳೂರಿನಲ್ಲಿ ಆ ಬಾಗಿಲು ಎಲ್ಲಿದೆ? 1981ರ ಫೆಬ್ರುವರಿ 7ರಂದು ವೀನಸ್ ಸರ್ಕಸ್ಸಿನ ಡೇರೆಯಲ್ಲಿ 90ಕ್ಕೂ ಹೆಚ್ಚು ಜೀವ ಹೋದವು, ಹೆಚ್ಚಿನವರು ಮಕ್ಕಳು. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಮಂದಿ ಸತ್ತರು. ಹೊಗೆಗೆ ಉಸಿರುಗಟ್ಟಿ, ಗಾಜು ಒಡೆದು ಕೆಳಗೆ ಜಿಗಿದವರೂ ಅವರಲ್ಲಿದ್ದರು. ಇಂಥ ಕಟ್ಟಡದಲ್ಲಿ ನಕ್ಷೆಗೆ ಮಂಜೂರಾತಿ ಕೊಡುವುದು ಪಾಲಿಕೆ, ನಿರಾಕ್ಷೇಪಣಾ ಪತ್ರ ಅಗ್ನಿಶಾಮಕ ಇಲಾಖೆಯದು, ನೀರು ಜಲಮಂಡಳಿಯದು, ತಂತಿ ಬೆಸ್ಕಾಂನದು. ಒಬ್ಬೊಬ್ಬರ ಕಡತವೂ ನೆಟ್ಟಗಿರಬಹುದು; ಮೆಟ್ಟಿಲ ಬಾಗಿಲಿಗೆ ಬೀಗ ಬಿದ್ದಿದೆಯೇ ಎಂದು ನೋಡುವ ಹೊಣೆ ಮಾತ್ರ ಯಾರ ಪಾಲಿಗೂ ಬಂದಿರುವುದಿಲ್ಲ.

ಹಾಗೆಂದು ಐದು ಪಾಲಿಕೆಗಳಿಗೆ ಐದು ದಳ ಬೇಡ. ಗಡಿರಸ್ತೆಯಲ್ಲಿ ಬೆಂಕಿ ಬಿದ್ದರೆ ಯಾರ ಗಾಡಿ ಹೊರಡಬೇಕು ಎಂಬ ಜಗಳ ಹಚ್ಚುವ ಏರ್ಪಾಡು ಅದು. ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಮಟ್ಟದಲ್ಲಿ ಇಡೀ ನಗರಕ್ಕೆ ಒಂದೇ ದಳ ಇರಲಿ. ಎತ್ತರದ ಏಣಿಗಳೂ ಇಲಾಖೆಯ ಮುಂಡ್ಕೂರ್ ಅಗ್ನಿಶಾಮಕ ಅಕಾಡೆಮಿಯ ತರಬೇತಿಯೂ ರಾಜ್ಯದೊಂದಿಗೆ ಹಂಚಿಕೆಯಾಗಲಿ. ಬೇರೆ ಊರುಗಳ ಠಾಣೆಗಳು ಇಲಾಖೆಯಲ್ಲೇ ಉಳಿಯಲಿ. ಸಿಬ್ಬಂದಿಗೆ ಸೇವಾ ಹಿರಿತನದ, ಪಿಂಚಣಿಯ ಆತಂಕ ಸಹಜ; ಅದನ್ನು ಮೊದಲೇ ಬರಹದಲ್ಲಿ ಇತ್ಯರ್ಥ ಮಾಡದೆ ಒಬ್ಬರನ್ನೂ ವರ್ಗಾಯಿಸಕೂಡದು. ಪಾಲಿಕೆಯ ಬೇರೆ ಕೆಲಸಗಳಂತೆ ಇದನ್ನೂ ಗುತ್ತಿಗೆಗೆ ಕೊಡುವ ಯೋಚನೆಯನ್ನಂತೂ ನಾವು ಖಡಾಖಂಡಿತವಾಗಿ ವಿರೋಧಿಸುತ್ತೇವೆ.

ಕಾನೂನು ಬದಲಾಗಲು ವರ್ಷಗಳು ಬೇಕಾಗಬಹುದು. ಅಲ್ಲಿಯವರೆಗೆ ಪಾಲಿಕೆಯ ಎಂಜಿನಿಯರ್, ಜಲಮಂಡಳಿಯವರು, ಠಾಣಾಧಿಕಾರಿ ಒಟ್ಟಿಗೆ ಪೇಟೆಯ ಓಣಿಗಳಲ್ಲಿ ನಡೆಯಲಿ. ಹೋಸ್ ಸಿಕ್ಕಿಸಲು ನೀರಿನ ಬಾಯಿ ಎಲ್ಲಿ ಬೇಕು, ಯಾವ ಗೋದಾಮಿನ ಮೇಲೆ ಯಾರು ಮಲಗುತ್ತಾರೆ, ಅವರಿಗೆ ಇಳಿಯಲು ಇನ್ನೊಂದು ಮೆಟ್ಟಿಲಿದೆಯೇ ಎಂದು ಬಾಗಿಲು ಬಾಗಿಲಿಗೆ ಹೋಗಿ ಬರೆದುಕೊಳ್ಳಲಿ. ನಗರ್ತಪೇಟೆಯಿಂದಲೇ ಆರಂಭಿಸಲಿ.