ನಿಮಗೆ ಗೊತ್ತಿತ್ತು, ಖುಷಿಯದು ತಪ್ಪಿರಲಿಲ್ಲ

ಡೊಂಬಿವಲಿಯ, ಮುಲುಂಡಿನ, ಚೆಂಬೂರಿನ ನನ್ನ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ಖುಷಿ ಕುಮಾರಿ ಗುಪ್ತಾಳನ್ನು ನೀವು ಮರೆತಿರಲಾರಿರಿ. 2011ರ ಜೂನ್‌ನಿಂದ 2012ರ ನವೆಂಬರ್‌ವರೆಗೆ ಸ್ಟಾರ್ ಪ್ಲಸ್‌ನಲ್ಲಿ ಬಂದ ಅವಳ ಧಾರಾವಾಹಿ ‘ಇಸ್ ಪ್ಯಾರ್ ಕೋ ಕ್ಯಾ ನಾಮ್ ದೂಂ?’ ನೋಡಲೆಂದು ಬೇಗಬೇಗ ಒಲೆ ಆರಿಸಿ ಕೂತವರು ನೀವು. ಖುಷಿಯಾಗಿದ್ದ ಸನಾಯಾ ಇರಾನಿಯ ಕಣ್ಣು ತುಂಬಿದಾಗ ಸೆರಗಿನಲ್ಲಿ ಕಣ್ಣೊರೆಸಿಕೊಂಡವರೂ ನೀವೇ.

ಖುಷಿಯ ಅಕ್ಕ ಪಾಯಲ್‌ಳ ಮದುವೆಯ ಹೊತ್ತು. ಮನೆ ತುಂಬ ಸಡಗರ. ಮೇಲೆ ತಾರಸಿಯಲ್ಲಿ ಶ್ಯಾಮ್ ಖುಷಿಯನ್ನು ತಬ್ಬುತ್ತಾನೆ. ತನಗೆ ಮದುವೆಯಾಗಿದೆ ಎಂಬುದನ್ನೇ ಮುಚ್ಚಿಟ್ಟು ಹಿಂದೆ ಅವಳೊಡನೆ ನಿಶ್ಚಿತಾರ್ಥ ಮಾಡಿಕೊಂಡಿದ್ದವನು ಅವನು. ಅವನ ಹೆಂಡತಿಯ ತಮ್ಮ ಅರ್ನವ್ ಅಷ್ಟನ್ನೇ ನೋಡಿದ, ಅರ್ಧ ಮಾತು ಕೇಳಿದ, ಅವಳನ್ನು ಒಂದು ಮಾತೂ ಕೇಳಲಿಲ್ಲ. ಆರು ತಿಂಗಳ ಮಟ್ಟಿಗೆ ನನ್ನನ್ನು ಮದುವೆಯಾಗು, ಇಲ್ಲವಾದರೆ ನಿನ್ನ ಅಕ್ಕನ ಮದುವೆ ನಡೆಯುವುದಿಲ್ಲ ಎಂದು ಬೆದರಿಸಿ ತಾಳಿ ಕಟ್ಟಿದ. ತಾನು ಮಾಡಿದ ತಪ್ಪೇನು ಎಂಬುದೂ ತಿಳಿಯದೆ ಆ ಹುಡುಗಿ ಅದೇ ಮನೆಯಲ್ಲಿ ತಿಂಗಳುಗಟ್ಟಲೆ ತಿರಸ್ಕಾರ ಉಂಡಳು. ನಿಮಗೆ ಗೊತ್ತಿತ್ತು. ಕ್ಯಾಮೆರಾ ನಿಮಗೆ ಎಲ್ಲವನ್ನೂ ತೋರಿಸಿತ್ತು. ‘ಒಂದು ಮಾತು ಕೇಳಬಾರದೇನೋ’ ಎಂದು ನೀವು ಅರ್ನವ್‌ನನ್ನು ಬೈದಿರಿ. ಆ ಬೈಗುಳ ನ್ಯಾಯದ್ದೇ ಆಗಿತ್ತು.

ಆದರೆ ನಿಮ್ಮ ಕಟ್ಟಡದ ಮೂರನೇ ಮಾಳಿಗೆಯ ಹುಡುಗಿಗೆ ಕ್ಯಾಮೆರಾ ಎಲ್ಲಿಂದ ಬರಬೇಕು? ರಾತ್ರಿ ಹನ್ನೊಂದೂವರೆಗೆ ಗೇಟಿನ ಮುಂದೆ ಬೈಕ್ ನಿಂತಾಗ ನಿಮಗೆ ಕಂಡದ್ದು ಬೈಕ್ ಮತ್ತು ಅದನ್ನು ಓಡಿಸಿದವನು, ಅಷ್ಟೇ. ಪಾಳಿ ಮುಗಿಸಿ, ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ನಿಂತೇ ಬಂದು, ಸ್ಟೇಷನ್ನಿನ ಹೊರಗೆ ರಿಕ್ಷಾ ಸಿಗದೆ ಅವಳು ಅರ್ಧ ಗಂಟೆ ಕಾದದ್ದು ಯಾರ ಕಣ್ಣಿಗೆ ಬಿತ್ತು? ಮರುದಿನ ವಾಚ್‌ಮನ್ ಒಂದು ಮಾತು ಸೇರಿಸುತ್ತಾನೆ, ಲಿಫ್ಟಿನಲ್ಲಿ ಇನ್ನೊಂದು ಕೂಡಿಕೊಳ್ಳುತ್ತದೆ, ಸಂಜೆಯ ಭಜನೆ ಮುಗಿಯುವಷ್ಟರಲ್ಲಿ ಅದೇ ನಿಜವಾಗಿಬಿಡುತ್ತದೆ. ಅದು ನಿಜವೆಂದು ನಿಮಗೆ ಗೊತ್ತಿರಲಿಲ್ಲ. ಆದರೂ ಸುಮ್ಮನಿದ್ದಿರಿ.

ನಿಮ್ಮನ್ನು ಅಳಿಸುವ ಆ ಕಥೆಗಳನ್ನು ಕಟ್ಟುವ ಹುಡುಗಿಯರೂ ಇದೇ ಊರಲ್ಲಿದ್ದಾರೆ. ಗೋರೆಗಾಂವ್ ಫಿಲ್ಮ್ ಸಿಟಿಯಲ್ಲಿ, ಮಢ್ ದ್ವೀಪದಲ್ಲಿ, ನಾಯಗಾಂವ್‌ನ ಸೆಟ್ಟುಗಳಲ್ಲಿ ಹನ್ನೆರಡು ತಾಸು ದುಡಿದು, ಬಣ್ಣ ಒರೆಸಿಕೊಂಡು ಮನೆಗೆ ಮರಳುವ ಜೂನಿಯರ್ ಕಲಾವಿದೆಯರು, ಕೇಶಾಲಂಕಾರದವರು, ಸಹಾಯಕಿಯರು. ತೆರೆಯ ಮೇಲೆ ಸೊಸೆಯಾಗಿ ನಿಂತಾಗ ಮನೆಮಗಳೆನಿಸಿದವಳು ಕೋಣೆ ಹುಡುಕಿ ಬಂದಾಗ ‘ಒಂಟಿ ಹುಡುಗಿ, ಸೀರಿಯಲ್‌ನವಳು, ಬೇಡ’ ಎಂಬ ಉತ್ತರ ಕೇಳಬೇಕೆ? ಸಿಕ್ಕ ಕೋಣೆಯನ್ನೂ ಇಂಥದೇ ಮಾತಿನಿಂದಾಗಿ ಬಿಡಬೇಕಾಗಿ ಬಂದು, ಡಿಪಾಸಿಟ್ ಕಳೆದುಕೊಂಡು, ಎರಡು ಸೂಟ್‌ಕೇಸ್ ಹಿಡಿದು ಮತ್ತೆ ಬ್ರೋಕರ್‌ನ ಬಾಗಿಲಲ್ಲಿ ನಿಲ್ಲುವ ಅವಳು ಊರಿನ ಅಮ್ಮನಿಗೆ ಏನೆಂದು ಹೇಳಬೇಕು? ಹೇಳಿದರೆ ವಾಪಸ್ ಬಾ ಎನ್ನುತ್ತಾರೆ. ಹಾಗಾಗಿ ಏನೂ ಹೇಳುವುದಿಲ್ಲ. ಇನ್ನೂ ದೂರದ, ಇನ್ನೂ ಕತ್ತಲ ದಾರಿಯ ಮನೆಗೆ ಹೋಗುತ್ತಾಳೆ.

ಇಷ್ಟಕ್ಕೂ ಖುಷಿಯಂತೆ ನಿಷ್ಕಳಂಕಳೆಂದು ಸಾಬೀತಾದರೆ ಮಾತ್ರ ಹೆಣ್ಣಿಗೆ ಸೂರು ಸಿಗಬೇಕೆ? ಅವಳ ಸ್ನೇಹ, ಅವಳ ಪ್ರೀತಿ ಅವಳದು. ನನಗೆ ಆ ಧಾರಾವಾಹಿಯಲ್ಲಿ ಇಂದಿಗೂ ನೋಯುವುದು ಇದೇ: ಸತ್ಯ ಹೊರಬಿದ್ದ ಮೇಲೆ ಅರ್ನವ್‌ನ ಪಶ್ಚಾತ್ತಾಪ ನೋಡಿ ನಾವೆಲ್ಲ ಕರಗಿದೆವು, ಅವಳ ಆ ತಿಂಗಳುಗಳನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ.

ನೀವು ಕೆಟ್ಟವರಲ್ಲ. ಹಸಿದವರಿಗೆ ಬಡಿಸಿದವರು, ಊರಿಂದ ಬಂದ ಗುರುತಿಲ್ಲದ ಹುಡುಗರಿಗೂ ಚಾಪೆ ಹಾಸಿಕೊಟ್ಟವರು. ಆದ್ದರಿಂದಲೇ ಬೇಡುತ್ತಿದ್ದೇನೆ. ಮುಂದಿನ ಸೊಸೈಟಿ ಮೀಟಿಂಗಿನಲ್ಲಿ ಯಾರಾದರೂ ‘ಆ ಹುಡುಗಿಯ ವಿಷಯ’ ಎಂದು ದನಿ ತಗ್ಗಿಸಿದರೆ, ಬಾಡಿಗೆಯ ಕರಾರುಪತ್ರವಿದೆ, ಪೊಲೀಸರಿಗೆ ಮಾಹಿತಿ ಹೋಗಿದೆ, ಇನ್ನು ನಾವು ಕೇಳಬೇಕಾದ್ದು ಏನೂ ಇಲ್ಲ ಎಂದು ಎದ್ದು ನಿಂತು ಹೇಳಿ. ಎಲ್ಲರಿಗೂ ಕೇಳುವಂತೆ ಹೇಳಿ, ನಡಾವಳಿಯಲ್ಲಿ ಬರೆಸಿ.