ಮದ್ದೂ ಅಳತೆಯೂ

ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರ ಸೆರೆಯಾಳಾಗಿ ಸಿಂಗಪುರದ ಚಾಂಗಿ ಶಿಬಿರದಲ್ಲಿ ಮೂರು ವರ್ಷಗಳಿಗೂ ಮಿಕ್ಕು ಕಳೆದು ತಾಯ್ನಾಡಿಗೆ ಮರಳಿದ ಆಸ್ಟ್ರೇಲಿಯದ ಮನೋವೈದ್ಯ ಜಾನ್ ಕೇಡ್, ಮೆಲ್ಬರ್ನ್ ಬಳಿಯ ಬಂಡೂರ ಆಸ್ಪತ್ರೆಯ ಪಾಳುಬಿದ್ದ ಅಡುಗೆಕೋಣೆಯನ್ನೇ ಪ್ರಯೋಗಶಾಲೆಯಾಗಿಸಿಕೊಂಡು, ಉನ್ಮಾದಕ್ಕೆ ದೇಹದೊಳಗೆ ಹುಟ್ಟುವ ವಿಷವೇ ಕಾರಣವಿರಬೇಕೆಂಬ ಊಹೆಯಿಂದ ಗಿನಿ ಹಂದಿಗಳ ಮೇಲೆ ಪರೀಕ್ಷೆ ನಡೆಸುತ್ತಿದ್ದಾಗ, ಲಿಥಿಯಂ ಲವಣ ಪಡೆದ ಪ್ರಾಣಿಗಳು ಶಾಂತವಾದುದನ್ನು ಕಂಡನು. ಊಹೆ ಮುಂದೆ ನಿಲ್ಲಲಿಲ್ಲ. ಕಂಡದ್ದು ಮಾತ್ರ ಫಲ ಕೊಟ್ಟಿತು. ಲವಣವನ್ನು ಮೊದಲು ತಾನೇ ಸೇವಿಸಿ ನೋಡಿ, ಬಳಿಕ ಹತ್ತು ಮಂದಿ ಉನ್ಮಾದರೋಗಿಗಳಿಗೆ ಕೊಟ್ಟು, 1949ರಲ್ಲಿ ಆತನು ಪ್ರಕಟಿಸಿದ ಕಿರುಲೇಖನದಿಂದ ಆಧುನಿಕ ಮನೋರೋಗ ಚಿಕಿತ್ಸೆಯಲ್ಲಿ ಹೊಸ ಅಧ್ಯಾಯವೊಂದು ಆರಂಭವಾಯಿತು.

ಆ ಹತ್ತು ಮಂದಿಯಲ್ಲಿ ಮೊದಲಿಗನ ವೃತ್ತಾಂತವನ್ನು ನಾವು ಮರೆಯಲಾಗದು. ಐದು ವರ್ಷಗಳಿಂದ ಉನ್ಮಾದದಲ್ಲಿಯೇ ಇದ್ದ ಆತನು ಕೆಲವೇ ತಿಂಗಳಲ್ಲಿ ಮನೆ ಸೇರಿ ಹಳೆಯ ಉದ್ಯೋಗವನ್ನು ಮತ್ತೆ ಹಿಡಿದನು. ಮದ್ದು ಬಿಟ್ಟ ಮೇಲೆ ರೋಗ ಮರುಕಳಿಸಿತು. ಪುನಃ ಸೇವಿಸತೊಡಗಿದಾಗ ಅದೇ ಮದ್ದು ವಿಷವಾಗಿ 1950ರಲ್ಲಿ ಆತನು ತೀರಿಕೊಂಡನು. ಕಾಯುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವಣ ಅಂತರ ಅಷ್ಟು ಕಿರಿದು. ಮೆಲ್ಬರ್ನಿನಲ್ಲಿಯೇ ಕೆಲಸ ಮಾಡುತ್ತಿದ್ದ ಸಂಶೋಧಕ ಟ್ರೌಟ್ನರ್ ರಕ್ತದಲ್ಲಿನ ಲಿಥಿಯಮ್ಮನ್ನು ಅಳೆಯುತ್ತ ಚಿಕಿತ್ಸೆ ನಡೆಸುವ ಕ್ರಮವನ್ನು ಬೆಳೆಸಿದನು. ಡೆನ್ಮಾರ್ಕಿನ ಮೊಗೆನ್ಸ್ ಶೌ 1954ರಲ್ಲಿ ವ್ಯವಸ್ಥಿತ ಪ್ರಯೋಗದಿಂದ ಅದರ ಗುಣವನ್ನು ಸ್ಥಾಪಿಸಿದನು. ಲಿಥಿಯಂ ಲೋಕಕ್ಕೆ ದಕ್ಕಿದ್ದು ಕೇಡನ ಸಾಹಸದೊಡನೆ ಇವರ ಅಳತೆಯೂ ಕೂಡಿದ್ದರಿಂದ.

ಮಾನಸಿಕ ರೋಗದ ಮದ್ದುಗಳೆಲ್ಲ ವಿಷವೆಂದು ದೂರವಿಡುವವರೂ, ಮಾತ್ರೆಯ ಚೀಟಿ ಬರೆದುಕೊಟ್ಟರೆ ಕರ್ತವ್ಯ ಮುಗಿಯಿತೆಂದು ಭಾವಿಸುವವರೂ ಈ ಚರಿತ್ರೆಯನ್ನು ಸಮಾನವಾಗಿ ಕಡೆಗಣಿಸುತ್ತಾರೆ. ವಾಂತಿಭೇದಿಯಾದಾಗ, ಬಿರುಬೇಸಗೆಯಲ್ಲಿ ಬೆವರು ಸುರಿದು ಮೈಯ ನೀರೂ ಉಪ್ಪೂ ಬತ್ತಿದಾಗ ರಕ್ತದಲ್ಲಿ ಲಿಥಿಯಂ ಏರುವುದುಂಟು. ವರ್ಷಾನುಗಟ್ಟಲೆ ಸೇವಿಸುವವರ ಥೈರಾಯ್ಡ್ ಗ್ರಂಥಿಯನ್ನೂ ಮೂತ್ರಪಿಂಡಗಳನ್ನೂ ಆಗಾಗ್ಗೆ ಪರೀಕ್ಷಿಸಬೇಕು. ಮಾತ್ರೆ ಊರಿನಲ್ಲಿಯೇ ದೊರೆತು ರಕ್ತಪರೀಕ್ಷೆಗೆ ದಿನಗೂಲಿ ಬಿಟ್ಟು ದೂರದ ನಗರಕ್ಕೆ ಹೋಗಬೇಕಾದರೆ, ಬಡ ರೋಗಿಯು ಒಂದೋ ಅಳತೆಯಿಲ್ಲದೆ ಮದ್ದು ನುಂಗುತ್ತಾನೆ, ಇಲ್ಲವೇ ಮದ್ದನ್ನೇ ಬಿಡುತ್ತಾನೆ, ಎರಡೂ ಅಪಾಯವೇ.

ಮನೋರೋಗ ಚಿಕಿತ್ಸೆಯನ್ನು ಹಳ್ಳಿಯ ಆರೋಗ್ಯಕೇಂದ್ರದವರೆಗೆ ಒಯ್ಯಬಹುದೆಂಬುದನ್ನು ನಿಮ್ಹಾನ್ಸ್ ಸಂಸ್ಥೆಯು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿತು. ರಾಷ್ಟ್ರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಆ ಕಾರ್ಯ ಪೂರ್ಣವಾಗಬೇಕಾದರೆ ಪ್ರತಿಯೊಂದು ಜಿಲ್ಲಾಸ್ಪತ್ರೆಯಲ್ಲಿಯೂ ಲಿಥಿಯಂ ಪರೀಕ್ಷೆ ಉಚಿತವಾಗಿ ನಡೆಯಬೇಕು. ತಾಲ್ಲೂಕಿನಲ್ಲಿ ತೆಗೆದ ರಕ್ತವು ಅಲ್ಲಿಗೆ ಹೋಗಿ, ಫಲಿತಾಂಶವು ರೋಗಿಯ ವೈದ್ಯರಿಗೆ ತಡವಿಲ್ಲದೆ ಮುಟ್ಟುವ ವ್ಯವಸ್ಥೆಯಾಗಬೇಕು. ಅಗ್ಗದ ಲವಣವೊಂದನ್ನು ಕೊಂಡುಕೊಟ್ಟ ಸರ್ಕಾರವು ಅದನ್ನು ಅಳೆಯುವ ವೆಚ್ಚಕ್ಕೆ ಹಿಂಜರಿಯಲಾಗದು.